45,000 ರೂಪಾಯಿ ಕೊಟ್ಟು ಕಮಾಡಿಟಿ ಟ್ರೇಡಿಂಗ್ ಕೋರ್ಸ್ ಸೇರಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರು ಗುಂಡ್ಲುಪೇಟೆ ಕಡೆ. ಮನೆಯಲ್ಲಿ ಎರಡು ಎಕರೆ ಅರಿಶಿನ ಇದೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಸಂಬಳ 32 ಸಾವಿರ. ಇಲ್ಲೊಂದು ಇನ್‌ಸ್ಟಿಟ್ಯೂಟ್‌ನವರು ಎರಡು ತಿಂಗಳ ಕಮಾಡಿಟಿ (ಸರಕು ವಹಿವಾಟು) ಕೋರ್ಸಿಗೆ 45,000 ಹೇಳಿದ್ದಾರೆ. ಇವತ್ತು ರಾತ್ರಿಯೊಳಗೆ ಕಟ್ಟಿದರೆ 29,999 ಅಂತೆ. ಬೋರ್ಡಿನಲ್ಲಿ ‘ಸೆಬಿ ಮಾನ್ಯತೆ’ ಅಂತ ಬರೆದಿದೆ. ಕ್ರೂಡ್ (ಕಚ್ಚಾ ಎಣ್ಣೆ), ಬೆಳ್ಳಿ ಸಂಜೆ ಹೊತ್ತು ಮಾಡಿದರೆ ಆಫೀಸಿಗೂ ತೊಂದರೆ ಇಲ್ಲ ಅಂತಾರೆ. ಸೇರಬಹುದಾ?

ಉತ್ತರ: ಮೊದಲು ರಾತ್ರಿಯೊಳಗೆ ದುಡ್ಡು ಕಟ್ಟಬೇಡಿ. ನಾಳೆ ಹೋದರೂ ಅದೇ 29,999 ಇರುತ್ತದೆ. ನಾಡಿದ್ದು ಹೋದರೆ ಇನ್ನೂ ಇಳಿಯಬಹುದು.

ಆ ಬೋರ್ಡಿನ ವಿಷಯ. ಸೆಬಿ ಅಂದರೆ ಷೇರು, ಸರಕು ಮಾರುಕಟ್ಟೆಗಳನ್ನು ನಿಯಂತ್ರಿಸುವ ಸಂಸ್ಥೆ. ಟ್ರೇಡಿಂಗ್ ಕೋರ್ಸುಗಳಿಗೆ ಅದು ಮಾನ್ಯತೆ ಕೊಡುವುದಿಲ್ಲ. ಅದು ನೋಂದಣಿ ಕೊಡುವುದು ಬ್ರೋಕರಿಗೆ, ಹೂಡಿಕೆ ಸಲಹೆಗಾರರಿಗೆ, ರಿಸರ್ಚ್ ಅನಲಿಸ್ಟ್‌ಗಳಿಗೆ. ಹಾಗಾಗಿ ‘ನಿಮ್ಮ ನೋಂದಣಿ ನಂಬರ್ ಎಷ್ಟು?’ ಅಂತ ಕೇಳಿ. ಸಲಹೆಗಾರರದ್ದು ಐಎನ್‌ಎ ಅಂತಲೂ ಅನಲಿಸ್ಟ್‌ಗಳದ್ದು ಐಎನ್‌ಎಚ್ ಅಂತಲೂ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಹೆಸರು, ವಿಳಾಸ ಬರುತ್ತದೆ. ಎದುರಿಗೆ ಕೂತವರ ಹೆಸರೇ ಅದಾ ಅಂತ ನೋಡಿ. ಬೇರೆಯವರ ನಂಬರ್ ತೋರಿಸುವವರೂ ಇದ್ದಾರೆ.

ಕೆಲವರು ‘ಎನ್‌ಐಎಸ್‌ಎಂ ಸರ್ಟಿಫೈಡ್’ ಅಂತಾರೆ. ಎನ್‌ಐಎಸ್‌ಎಂ ಅಂದರೆ ಸೆಬಿಯೇ ಕಟ್ಟಿದ ತರಬೇತಿ ಸಂಸ್ಥೆ. ಸರಿ, ಒಂದು ಪರೀಕ್ಷೆ ಪಾಸಾಗಿದ್ದಾರೆ. ನಾನೂ ಪಾಸಾಗಿದ್ದೇನೆ. ಅದು ಬ್ರೋಕರ್ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು, ಮೂರು ವರ್ಷಕ್ಕೆ ಮುಗಿಯುತ್ತದೆ. ಟ್ರೇಡಿಂಗ್‌ನಲ್ಲಿ ದುಡ್ಡು ಮಾಡಿದ್ದಾರೆ ಅಂತ ಅದರ ಅರ್ಥ ಅಲ್ಲ.

ಡೆಮೋ ಕ್ಲಾಸಿಗೆ ಹೋಗಿ. ಕ್ಲಾಸಿನಲ್ಲೇ ‘ಈಗ ಬೆಳ್ಳಿ ಬೈ ಮಾಡಿ’ ಅಂದರೆ ಅದು ಪಾಠ ಅಲ್ಲ, ಟಿಪ್ಸ್. ಬ್ರೋಕರುಗಳು ಯಾರ ಜೊತೆ ಕೈಜೋಡಿಸಬಹುದು ಎಂಬ ಬಗ್ಗೆ ಸೆಬಿ 2025ರ ಜನವರಿಯಲ್ಲಿ ಒಂದು ಸುತ್ತೋಲೆ ತಂದಿತು. ಪಾಠ ಮಾತ್ರ ಮಾಡುವವರು ಹಿಂದಿನ ಮೂರು ತಿಂಗಳ ಮಾರುಕಟ್ಟೆ ಬೆಲೆ ಬಳಸಬಾರದು ಅಂತ ಅದರಲ್ಲಿತ್ತು.

ಅಲ್ಲಿ ಲಾಭದ ಸ್ಕ್ರೀನ್‌ಶಾಟ್ ತೋರಿಸುತ್ತಾರೆ, ನೋಡಿ ಸುಮ್ನಿರಿ. ಕೊನೆಗೆ ಒಂದೇ ಪ್ರಶ್ನೆ ಕೇಳಿ: ‘ಸರ್, 2020ರ ಏಪ್ರಿಲ್ 20ರಂದು ಕ್ರೂಡ್‌ನಲ್ಲಿ ಏನಾಯ್ತು, ಬಿಡಿಸಿ ಹೇಳಿ.’

ನಾನಾಗ ಒಂದು ಬ್ರೋಕರ್ ಸಂಸ್ಥೆಯ ರಿಸ್ಕ್ ವಿಭಾಗದಲ್ಲಿದ್ದೆ. ಲಾಕ್‌ಡೌನ್, ಮನೆಯಿಂದಲೇ ಕೆಲಸ. ಸಾಮಾನ್ಯವಾಗಿ ರಾತ್ರಿ 11:30ರವರೆಗೆ ನಡೆಯುವ ಎಂಸಿಎಕ್ಸ್ (ಕ್ರೂಡ್, ಬೆಳ್ಳಿ ವಹಿವಾಟಿನ ಎಕ್ಸ್‌ಚೇಂಜ್) ಆ ದಿನಗಳಲ್ಲಿ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಅವತ್ತು ಕ್ರೂಡ್‌ನ ಏಪ್ರಿಲ್ ಕಾಂಟ್ರಾಕ್ಟಿನ (ಮುಂದಿನ ತಾರೀಖಿಗೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಕೊನೆಯ ದಿನ. ಸಂಜೆ ಬೆಲೆ ಬ್ಯಾರೆಲ್‌ಗೆ ಸಾವಿರ ರೂಪಾಯಿಗಿಂತ ಸ್ವಲ್ಪ ಕಡಿಮೆ. ‘ಇಷ್ಟು ಅಗ್ಗ, ಇನ್ನೆಲ್ಲಿಗೆ ಇಳಿಯುತ್ತೆ’ ಅಂತ ಕೊಂಡು ಇಟ್ಟುಕೊಂಡವರಿದ್ದರು. ನಮ್ಮ ರಾತ್ರಿಯಲ್ಲಿ ನ್ಯೂಯಾರ್ಕಿನ ಬೆಲೆ ಮೈನಸ್ 37.63 ಡಾಲರಿಗೆ ಇಳಿಯಿತು. ಆ ಕಾಂಟ್ರಾಕ್ಟಿನ ಮಾಲು ಕೈಗೆ ಕೊಡುವ ಜಾಗವಾದ ಅಮೆರಿಕದ ಕುಶಿಂಗ್‌ನಲ್ಲಿ ಎಣ್ಣೆ ತುಂಬಿಡಲು ಜಾಗ ಸಿಗದ ಸ್ಥಿತಿ. ಮಾಲು ಕೈಗೆ ಬರುವುದು ಬೇಡ ಅನ್ನುವವರು ಎದುರು ದುಡ್ಡು ಕೊಟ್ಟು ಕಾಂಟ್ರಾಕ್ಟ್ ಕಳಚಿಕೊಂಡರು. ನಮ್ಮ ಕಾಂಟ್ರಾಕ್ಟ್ ಲೆಕ್ಕ ಮುಗಿಸುವುದು ಆ ಬೆಲೆಯ ಮೇಲೆಯೇ. ಬಂದ ಸೆಟಲ್‌ಮೆಂಟ್ ಬೆಲೆ ಮೈನಸ್ 2,884 ರೂಪಾಯಿ.

ಒಂದು ಲಾಟ್ (ಒಂದು ಸಲಕ್ಕೆ ಕೊಂಡು ಮಾರುವ ಅಳತೆ) ಅಂದರೆ 100 ಬ್ಯಾರೆಲ್. ಲಾಟಿಗೆ 3.8 ಲಕ್ಷಕ್ಕೂ ಜಾಸ್ತಿ ನಷ್ಟ. ಮಾರುಕಟ್ಟೆಯೇ ಮುಚ್ಚಿತ್ತು, ಸ್ಟಾಪ್‌ಲಾಸ್ (ನಷ್ಟ ಮಿತಿ ಮುಟ್ಟಿದರೆ ತಾನೇ ಮಾರುವ ಆರ್ಡರ್) ಎಲ್ಲಿ ಕೆಲಸ ಮಾಡಬೇಕು? ಒಬ್ಬ ಗ್ರಾಹಕರು ಫೋನ್ ಮಾಡಿ, ‘ಮೇಡಂ, ಸ್ಕ್ರೀನಿನಲ್ಲಿ ಮೈನಸ್ ಬರ್ತಾ ಇದೆ, ಸಾಫ್ಟ್‌ವೇರ್ ತಪ್ಪು ತಾನೇ?’ ಅಂದರು. ಅವರಿಗೆ ಏನು ಉತ್ತರ ಕೊಟ್ಟೆ ಅಂತ ಈಗ ನೆನಪಿಲ್ಲ. ಪ್ರಶ್ನೆ ಮಾತ್ರ ನೆನಪಿದೆ.

ಚಾರ್ಟ್ ಎಷ್ಟೇ ಓದಿದ್ದರೂ ಅವತ್ತು ಉಪಯೋಗಕ್ಕೆ ಬರುತ್ತಿರಲಿಲ್ಲ. ಕಾಂಟ್ರಾಕ್ಟ್ ಯಾವತ್ತು ಮುಗಿಯುತ್ತದೆ, ಯಾವ ಬೆಲೆಗೆ ಮುಗಿಯುತ್ತದೆ, ಲಾಟ್ ಎಷ್ಟು, ಇದು ಗೊತ್ತಿದ್ದವರು ಮಧ್ಯಾಹ್ನವೇ ಹೊರಗೆ ಬಂದಿದ್ದರು. ಅದಕ್ಕೇ ನಾನು ಕೋರ್ಸ್ ಅಳೆಯುವುದು ಹೀಗೆ: ಮೊದಲ ವಾರ ಕಾಂಟ್ರಾಕ್ಟ್ ಓದಿಸುತ್ತಾರಾ, ಇಲ್ಲ ಕ್ಯಾಂಡಲ್ (ಬೆಲೆ ಚಾರ್ಟಿನ ಕಡ್ಡಿಗಳು) ತೋರಿಸುತ್ತಾರಾ?

ಇನ್ನು ಸಂಜೆ ಹೊತ್ತಿನ ಮಾತು. ಬುಧವಾರ ರಾತ್ರಿ ಅಮೆರಿಕದ ಎಣ್ಣೆ ದಾಸ್ತಾನಿನ ಅಂಕಿ ಬರುತ್ತದೆ. ನೀವು ಊಟಕ್ಕೆ ಕೂತ ಹೊತ್ತಿಗೆ ಬೆಲೆ 50 ರೂಪಾಯಿ ಆಚೀಚೆ ಆದರೆ ಒಂದು ಲಾಟಿಗೆ 5,000. ನಿಮ್ಮ ಐದು ದಿನದ ಸಂಬಳ, ಅಲ್ವಾ?

ಅದೇ ಸದಸ್ಯರು: ಥ್ಯಾಂಕ್ಸ್ ಮೇಡಂ. ಇನ್ನೊಂದು. ನಮ್ಮಪ್ಪನ ಅರಿಶಿನದ ರೇಟಿಗೆ ಇದರಿಂದ ಉಪಯೋಗ ಆಗುತ್ತಾ? ಬೇಯಿಸಿ ಒಣಗಿಸಿದ ಮೇಲೆ ನಮಗೆ 40 ಕ್ವಿಂಟಲ್ ಬಂದರೆ ಹೆಚ್ಚು. ಈರೋಡ್ ಮಂಡಿಗೆ ಹಾಕುತ್ತೇವೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆಗಿಂತ ಇದು ಒಳ್ಳೆಯ ಪ್ರಶ್ನೆ. ಮೇಲೆ ಹೇಳಿದಂಥ ಕಾಂಟ್ರಾಕ್ಟುಗಳ ಈ ವಾಯಿದೆ (ಫ್ಯೂಚರ್ಸ್) ಮಾರುಕಟ್ಟೆ ಹುಟ್ಟಿದ್ದೇ ಬೆಳೆದವರು ಮುಂದಿನ ಬೆಲೆ ಕಟ್ಟಿಕೊಳ್ಳಲಿ ಅಂತ. ಅರಿಶಿನದ ವಾಯಿದೆ ಎನ್‌ಸಿಡಿಇಎಕ್ಸ್ ಎಂಬ ಕೃಷಿ ಸರಕುಗಳ ಎಕ್ಸ್‌ಚೇಂಜಿನಲ್ಲಿದೆ. ಆದರೆ ಒಂದು ಲಾಟ್ 5 ಟನ್, ಅಂದರೆ 50 ಕ್ವಿಂಟಲ್. ನಿಮ್ಮ ಪೂರ್ತಿ ಬೆಳೆಗಿಂತ ದೊಡ್ಡದು. ಬೆಲೆ ಲೆಕ್ಕ ತೆಲಂಗಾಣದ ನಿಜಾಮಾಬಾದ್ ಮಾರುಕಟ್ಟೆಯದು. ಅಲ್ಲಿಗೂ ಈರೋಡಿಗೂ ಇರುವ ವ್ಯತ್ಯಾಸ ದಿನಾ ಒಂದೇ ಇರಲ್ಲ.

ಕೆಡುವುದು ಇಲ್ಲಿ. ನೀವು ವಾಯಿದೆಯಲ್ಲಿ ಒಂದು ಲಾಟ್ ಮಾರಿಟ್ಟಿದ್ದೀರಿ, ಬೆಲೆ ಕ್ವಿಂಟಲ್‌ಗೆ 1,000 ಏರಿತು ಅನ್ನಿ. ಮನೆಯ ಅರಿಶಿನಕ್ಕೆ ಬೆಲೆ ಬಂತು ಅಂತ ಅಪ್ಪ ಖುಷಿಯಲ್ಲಿರುತ್ತಾರೆ. ಬ್ರೋಕರ್ ಮಾತ್ರ ವಾಯಿದೆಯಲ್ಲಿ ಆದ ನಷ್ಟಕ್ಕೆ ನಿಮ್ಮ ಅಕೌಂಟಿಗೆ 50,000 ತುಂಬಿ ಅಂತಾರೆ. ಮೂಟೆ ತೋರಿಸಿದರೆ ಆಗಲ್ಲ, ನಗದೇ ಬೇಕು. ಒಬ್ಬರಿಗೆ ಇದು ಕಷ್ಟ. ಹತ್ತಾರು ಮನೆಯ ಮಾಲು ಸೇರಿಸುವ ರೈತ ಉತ್ಪಾದಕ ಸಂಸ್ಥೆ ಮಾಡಿದರೆ ಅರ್ಥ ಇದೆ. ನಿಮ್ಮ ಕಡೆ ಅಂಥದ್ದು ಇದ್ದರೆ ಅಲ್ಲಿ ವಿಚಾರಿಸಿ.

ಹಾಗೇ ಇದೂ ಗೊತ್ತಿರಲಿ: 2021ರ ಡಿಸೆಂಬರಿನಲ್ಲಿ ಕಡಲೆ, ಗೋಧಿ, ಸೋಯಾ, ಸಾಸಿವೆ ಸೇರಿ ಏಳು ಸರಕುಗಳ ವಾಯಿದೆಯನ್ನು ಸೆಬಿ ನಿಲ್ಲಿಸಿತು. ಕೃಷಿ ಸರಕು ಕಲಿಸುವವರು ಇದನ್ನು ಹೇಳದೆ ಬಿಟ್ಟರೆ ಅವರಿಗೆ ಈ ಕಡೆ ಗೊತ್ತಿಲ್ಲ ಅಂತಲೇ.

ಇನ್ನೊಬ್ಬ ಸದಸ್ಯರು: ನನಗೆ ಒಬ್ಬರು ಫ್ರೀಯಾಗೇ ಕಲಿಸ್ತೀನಿ ಅಂದಿದ್ದಾರೆ. ಅವರ ಲಿಂಕಿನಿಂದ ಅಕೌಂಟ್ ತೆಗೆದರೆ ಸಾಕಂತೆ. ಫ್ರೀ ಆದ್ರೆ ಕಳ್ಕೊಳ್ಳೋದೇನು ಅಕ್ಕಾ?

ಉತ್ತರ: ಲಿಂಕಿನಿಂದ ಅಕೌಂಟ್ ತೆಗೆದರೆ ನಿಮ್ಮ ಬ್ರೋಕರೇಜಿನಲ್ಲಿ ಅವರಿಗೆ ಪಾಲು ಹೋಗುವ ಏರ್ಪಾಡು ಇರಬಹುದು. ಇದ್ದರೆ ಅದನ್ನು ಮೊದಲೇ ಹೇಳಬೇಕು. ದಿನಕ್ಕೆ ನಾಲ್ಕು ಸಲ ಕೊಂಡು ಮಾರಿದರೆ ಎಂಟು ಆರ್ಡರ್. ಆರ್ಡರಿಗೆ 20 ರೂಪಾಯಿ ಹಿಡಿದರೂ ದಿನಕ್ಕೆ 160, ತಿಂಗಳಿಗೆ 20 ದಿನ ಅಂದರೆ 3,200. ಸಿಟಿಟಿ (ಸರಕು ವಹಿವಾಟಿನ ತೆರಿಗೆ), ಜಿಎಸ್‌ಟಿ, ಎಕ್ಸ್‌ಚೇಂಜ್ ಫೀ ಬೇರೆ. ನೀವು ಜಾಸ್ತಿ ಟ್ರೇಡ್ ಮಾಡಿದಷ್ಟೂ ಮೇಷ್ಟ್ರಿಗೆ ಲಾಭ. ಅಂಥ ಮೇಷ್ಟ್ರು ‘ಇವತ್ತು ಸುಮ್ನಿರಿ’ ಅಂತ ಯಾವಾಗ ಹೇಳ್ತಾರೆ?

ನಿಜವಾದ ಫ್ರೀ ಬೇಕಾದರೆ ಎನ್‌ಐಎಸ್‌ಎಂ ವೆಬ್‌ಸೈಟಿನಲ್ಲಿ ಸೀರೀಸ್ 16 ಅಂತ ಕಮಾಡಿಟಿ ಡೆರಿವೇಟಿವ್ಸ್ ವರ್ಕ್‌ಬುಕ್ ಇದೆ. ಪರೀಕ್ಷೆ ಕಟ್ಟದಿದ್ದರೂ ಇಳಿಸಿಕೊಂಡು ಓದಬಹುದು. ಸ್ವಲ್ಪ ಒಣಒಣ, ರಾತ್ರಿ ಊಟ ಆದ ಮೇಲೆ ಹಿಡಿದರೆ ನಿದ್ದೆ ಬರುತ್ತೆ. ಆದರೂ ಅದನ್ನು ಓದಿ ಡೆಮೋ ಕ್ಲಾಸಿಗೆ ಹೋದರೆ ಯಾರು ಕಾಗೆ ಹಾರಿಸುತ್ತಿದ್ದಾರೆ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಮತ್ತೊಬ್ಬರು: ನಾನು ಟೆಲಿಗ್ರಾಂ ಗುಂಪಿನವರು ಕೊಟ್ಟ ಆ್ಯಪ್‌ನಲ್ಲಿ 60 ಸಾವಿರ ಹಾಕಿದೆ. ಲಾಭ ತೋರಿಸುತ್ತಿದೆ, ತೆಗೆಯಲು ಹೋದರೆ ‘ಟ್ಯಾಕ್ಸ್ ಕಟ್ಟಿ’ ಅಂತಾರೆ.

ಉತ್ತರ: ಕಟ್ಟಬೇಡಿ. ಅದು ಮಾರುಕಟ್ಟೆಯೇ ಅಲ್ಲ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ತಡ ಆದಷ್ಟೂ ಹಣ ಸಿಗುವುದು ಕಷ್ಟ. ಚಾಟ್ ಅಳಿಸಬೇಡಿ.

ಮೊದಲ ಸದಸ್ಯರು (ಎರಡು ದಿನದ ನಂತರ): ಮೇಡಂ, ಡೆಮೋಗೆ ಹೋಗಿದ್ದೆ. ಏಪ್ರಿಲ್ 20 ಕೇಳಿದೆ. ‘ಅದು ಕೊರೋನಾ ಟೈಮು ಸರ್, ಲೆಕ್ಕಕ್ಕಿಲ್ಲ’ ಅಂದರು. ನೋಂದಣಿ ನಂಬರ್ ವಾಟ್ಸಾಪ್ ಮಾಡ್ತೀವಿ ಅಂದವರು ಇನ್ನೂ ಕಳಿಸಿಲ್ಲ. ಫೀಸು ಮಾತ್ರ 19,999 ಆಗಿದೆ.

ಉತ್ತರ: ಇನ್ನೊಂದು ವಾರ ಬಿಟ್ಟು ವಿಚಾರಿಸಿ ನೋಡಿ, ಎಷ್ಟಕ್ಕೆ ಬಂದು ನಿಲ್ಲುತ್ತೆ ಅಂತ ನನಗೂ ಕುತೂಹಲ. ಸೇರುವುದಕ್ಕಲ್ಲ. ಅಷ್ಟರಲ್ಲಿ ವರ್ಕ್‌ಬುಕ್ಕಿನಲ್ಲಿ ಮಾರ್ಜಿನ್ (ಬ್ರೋಕರ್ ಬಳಿ ಇಡಬೇಕಾದ ಮುಂಗಡ ಹಣ) ಬಗ್ಗೆ ಇರುವ ಭಾಗ ಓದಿ, ಅರ್ಥ ಆಗದ ಸಾಲು ಇಲ್ಲಿ ಹಾಕಿ.