ಗಂಟೆಗೆ ನಾಲ್ಕಾಣೆಯ ಸೈಕಲ್ಲು: ನೀವು ಕಲಿತದ್ದು ಹೇಗೆ, ಈಗಿನ ಮಕ್ಕಳಿಗೆ ಕಲಿಸುವುದು ಹೇಗೆ?

ದಾವಣಗೆರೆಯವನು

ಗೆಳೆಯರೇ, ಮುಂದಿನ ತಿಂಗಳು ನನ್ನ ಮೊಮ್ಮಗನಿಗೆ ಏಳು ವರ್ಷ ತುಂಬುತ್ತದೆ. ಅವನಿಗೊಂದು ಸೈಕಲ್ ಕೊಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಹಿಂದಿನ ಚಕ್ರದ ಎರಡೂ ಬದಿಗೆ ಪುಟ್ಟ ಚಕ್ರಗಳಿರುವ ಸೈಕಲ್ಲೇ ಆಗಬೇಕೆಂದು ಮಗಳು, ಅದು ಬೇಡವೇ ಬೇಡವೆಂದು ನಾನು, ಹೀಗೆ ಎರಡು ವಾರದಿಂದ ಊಟದ ಹೊತ್ತಿನಲ್ಲಿ ವಾದ ನಡೆಯುತ್ತಿದೆ. ನನ್ನ ವಾದಕ್ಕೆ ಆಧಾರವೇನೆಂದು ಕೇಳಿದರೆ ನಾನು ಕಲಿತ ಬಗೆಯೊಂದೇ ಆಧಾರ, ಅದನ್ನು ಮಗಳು ಆಧಾರವೆಂದು ಒಪ್ಪುವುದಿಲ್ಲ.

ನಾನು ಕಲಿತದ್ದು 1976ರ ಬೇಸಿಗೆ ರಜೆಯಲ್ಲಿ, ಬಾಡಿಗೆ ಸೈಕಲ್ಲಿನ ಮೇಲೆ. ನಮ್ಮ ಬೀದಿಯ ಕೊನೆಯಲ್ಲಿದ್ದ ಸೈಕಲ್ ಷಾಪಿನಲ್ಲಿ ಗಂಟೆಗೆ ನಾಲ್ಕಾಣೆ, ಅರ್ಧ ಗಂಟೆಗೆ ಹದಿನೈದು ಪೈಸೆ. ಅರ್ಧ ಗಂಟೆಯ ಲೆಕ್ಕ ನಷ್ಟದ್ದೆಂದು ತಿಳಿದಿದ್ದರೂ ಜೇಬಿನಲ್ಲಿ ಇರುತ್ತಿದ್ದುದೇ ಅಷ್ಟಾದ್ದರಿಂದ ನಾವು ನಾಲ್ವರು ಸೇರಿ ಒಂದು ಸೈಕಲ್ ತೆಗೆದುಕೊಂಡು ಸರದಿಯಲ್ಲಿ ಹತ್ತುತ್ತಿದ್ದೆವು. ಕೈಗಡಿಯಾರ ಯಾರಿಗೂ ಇರಲಿಲ್ಲ. ಹತ್ತಿ ಗಿರಣಿಯ ಕೂಗು ಕೇಳಿಸಿತೆಂದರೆ ಎಲ್ಲಿದ್ದರೂ ಸೈಕಲ್ಲನ್ನು ತಿರುಗಿಸಿಕೊಂಡು ಅಂಗಡಿಯ ಕಡೆಗೆ ದೌಡಾಯಿಸಬೇಕಾಗಿತ್ತು. ಇಪ್ಪತ್ತೆರಡು ಇಂಚಿನ ಫ್ರೇಮಿನ ಕಪ್ಪು ಸೈಕಲ್ಲದು, ಅದರ ಸೀಟು ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಫ್ರೇಮಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಬಲಗಂಕುಳಲ್ಲಿ ಸೀಟನ್ನು ಅವುಚಿಕೊಂಡು, ಅರ್ಧರ್ಧ ತುಳಿಯುವ ಒಳಪೆಡಲಿನಿಂದ ಆರಂಭ. ಅದು ಕೈಗೆ ಹತ್ತಿದ ಮೇಲೆ ಬಾರಿನ ಮೇಲಿನಿಂದ ಕಾಲು ಹಾಕುವುದು, ಎಷ್ಟೋ ತಿಂಗಳ ನಂತರ ಸೀಟು. ಜಗಲಿಕಟ್ಟೆಯ ಮೇಲೆ ನಿಂತು ಹತ್ತುವುದನ್ನು ಬೇಗ ಕಲಿತೆ, ಇಳಿಯುವುದು ಬರಲಿಲ್ಲ. ಹಾಗಾಗಿ ಇನ್ನೊಂದು ಕಟ್ಟೆ ಸಿಗುವವರೆಗೂ ತುಳಿಯುತ್ತಲೇ ಇರುವುದೊಂದೇ ದಾರಿಯಾಗಿತ್ತು.

ಒಂದು ಸಂಜೆ ಎಡಗಡೆಯ ಪೆಡಲ್ ಕಳಚಿ ಬಿದ್ದಿತು. ಪಕ್ಕದ ಮನೆಯಿಂದ ಪಾನಾ ತಂದು, ಇದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದೆ. ಅದು ಕೂರಲಿಲ್ಲ, ಒಳಗಿನ ಮರೆಯೆಲ್ಲ, ಅಂದರೆ ತಿರುಪಿನ ಗೆರೆಗಳೆಲ್ಲ, ಸವೆದುಹೋಯಿತು. ಕೊನೆಗೆ ಪೆಡಲನ್ನು ಹೇಗೋ ಸಿಕ್ಕಿಸಿ, ಸೈಕಲ್ಲನ್ನು ಅಂಗಡಿಯ ಗೋಡೆಗೆ ಒರಗಿಸಿ, ಕಾಸನ್ನು ಹಲಗೆಯ ಮೇಲಿಟ್ಟು ಓಡಿಬಿಟ್ಟೆ. ಹದಿನೈದು ದಿನ ಆ ಬೀದಿಯ ಕೊನೆಗೆ ಹೋಗಲಿಲ್ಲ. ಮತ್ತೆ ಹೋದಾಗ ಅಂಗಡಿಯ ಯಜಮಾನರು ಏನೂ ಕೇಳಲಿಲ್ಲ, ಸೈಕಲ್ ಕೊಟ್ಟರು.

ನನ್ನ ಪ್ರಶ್ನೆಗಳು ಎರಡು. ಪಕ್ಕದ ಚಕ್ರಗಳು ಮಗುವಿಗೆ ನಿಜಕ್ಕೂ ಸಹಾಯ ಮಾಡುತ್ತವೆಯೇ? ಎರಡನೆಯದು, ಹತ್ತು ವರ್ಷದ ಹುಡುಗನ ಮಾತನ್ನು ನಂಬಿ ಸೈಕಲ್ ಕೊಡುತ್ತಿದ್ದ ಆ ಅಂಗಡಿಗಳು ಏಕೆ ಮಾಯವಾದವು? ಮಕ್ಕಳನ್ನು ನಂಬುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ ಎಂಬುದು ನನ್ನ ಅಭಿಪ್ರಾಯ.

ತೀರ್ಥಹಳ್ಳಿಯವಳು

ದಾವಣಗೆರೆಯವರೇ, ನಿಮ್ಮ ಎರಡನೆಯ ಪ್ರಶ್ನೆಯಲ್ಲಿರುವ ನಂಬಿಕೆ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ಆಡಿ. ಆ ಅಂಗಡಿಗಳು ನಂಬಿದ್ದು ಹುಡುಗರನ್ನು. ನಮ್ಮೂರಿನ ಏರು ಇಳಿಜಾರಿನಲ್ಲಿ ಸೈಕಲ್ಲಿನ ಬಳಕೆಯೇ ಕಡಿಮೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದರೂ ನನ್ನ ಅಣ್ಣಂದಿರಿಬ್ಬರೂ ಪೇಟೆಯ ಅಂಗಡಿಯಿಂದ ತಂದು ಕಲಿತರು, ನಾನು ಸೈಕಲ್ ಹಿಡಿದುಕೊಂಡು ನಿಲ್ಲುವ ಕೆಲಸ ಮಾಡಿದೆ. ಒಮ್ಮೆ ಅಮ್ಮನನ್ನು ಕೇಳಿದ್ದಕ್ಕೆ, ‘ಲಂಗ ಚೈನಿಗೆ ಸಿಕ್ಕಿಕೊಂಡರೆ ಬಿಡಿಸುವವರು ಯಾರು?’ ಎಂದಷ್ಟೇ ಹೇಳಿ ಒಲೆಯ ಕಡೆಗೆ ತಿರುಗಿದರು.

ನಾನು ಕಲಿತದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಶಿಕ್ಷಕಿಯಾಗಿ ಬಯಲುಸೀಮೆಯ ಊರೊಂದಕ್ಕೆ ಹೋದ ಮೇಲೆ. ಬಾಡಿಗೆಯ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್ ದೂರವಿತ್ತು. ಭಾನುವಾರದ ಬೆಳಗಿನ ಜಾವ ಐದೂವರೆಗೆ, ಊರು ಏಳುವ ಮೊದಲು, ಸಹೋದ್ಯೋಗಿಯೊಬ್ಬರ ಸೈಕಲ್ ಪಡೆದು ಶಾಲೆಯ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದೆ. ಬಿದ್ದದ್ದಕ್ಕಿಂತ ಯಾರಾದರೂ ನೋಡಿಬಿಟ್ಟಾರು ಎಂಬ ಹೆದರಿಕೆಯೇ ಹೆಚ್ಚಾಗಿತ್ತು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ನಾನು ಅದೇ ಭಾಗದ ಇನ್ನೊಂದು ಪ್ರೌಢಶಾಲೆಯಲ್ಲಿದ್ದೆ. ಸೈಕಲ್ ಹಂಚಿದ ದಿನ ಹುಡುಗರೆಲ್ಲ ಹತ್ತಿ ಹೊರಟುಹೋದರು. ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ತಮ್ಮ ಹೊಸ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ನಡೆದರು, ಏಕೆಂದರೆ ಅವರಿಗೆ ಓಡಿಸಲು ಬರುತ್ತಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ, ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಎಮ್ಮೆಯ ಕೊಂಬು ಹಿಡಿದಂತೆ ಬಿಗಿಯಾಗಿ ಹಿಡಿದು ಸಾಲಾಗಿ ಹೋಗುತ್ತಿದ್ದ ಅವರನ್ನು ನಾನು ಗೇಟಿನಲ್ಲಿ ನಿಂತು ನೋಡಿದೆ. ಮರುದಿನದಿಂದ ಸಂಜೆ ಶಾಲೆ ಬಿಟ್ಟ ನಂತರ ಅರ್ಧ ಗಂಟೆ ಮೈದಾನವನ್ನು ಅವರಿಗೇ ಬಿಟ್ಟೆವು. ದುಪಟ್ಟಾಗಳಿಗೆ ಪಿನ್ನು ಹಾಕಿಕೊಂಡು, ಒಬ್ಬರು ಹತ್ತಿದರೆ ಇಬ್ಬರು ಹಿಡಿದು, ಒಂದು ತಿಂಗಳೊಳಗೆ ಬಹುತೇಕ ಎಲ್ಲರೂ ಕಲಿತರು. ಪಕ್ಕದ ಚಕ್ರಗಳು ಯಾರಿಗೂ ಇರಲಿಲ್ಲ. ನಿಮ್ಮ ಮಗಳೊಡನೆ ವಾದಿಸಲು ಇದನ್ನು ಬೇಕಾದರೆ ಬಳಸಿಕೊಳ್ಳಿ. ಆದರೆ ಹದಿಮೂರು ವರ್ಷದವರ ಮಾತು ಏಳು ವರ್ಷದವನಿಗೆ ಹೊಂದುತ್ತದೆಯೇ ಎಂಬುದನ್ನು ನಾನು ಹೇಳಲಾರೆ.

ಒಂಟಿಕೊಪ್ಪಲು

ಬಾಡಿಗೆ ಸೈಕಲ್ಲು ಪೂರ್ತಿ ಮಾಯವಾಗಿದೆ ಎಂದು ಮೈಸೂರಿನವನಾದ ನಾನು ಒಪ್ಪುವುದಿಲ್ಲ. ನಮ್ಮಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಆರಂಭವಾದಾಗ ಊರಿನಾದ್ಯಂತ ನಲವತ್ತೆಂಟು ನಿಲ್ದಾಣಗಳೂ 450 ಸೈಕಲ್ಲುಗಳೂ ಇದ್ದವು. ಒಂದು ನಿಲ್ದಾಣದಲ್ಲಿ ಪಡೆದು ಇನ್ನೊಂದರಲ್ಲಿ ಬಿಡಬಹುದಾಗಿತ್ತು; ಅದು ಹಳೆಯ ಅಂಗಡಿಗಳಲ್ಲಿ ಇಲ್ಲದ ಅನುಕೂಲ. ನಾನು ಹೆಸರು ನೋಂದಾಯಿಸಿ ಕೆಲವು ತಿಂಗಳು ಕಚೇರಿಗೆ ಅದರಲ್ಲೇ ಹೋಗಿ ಬಂದೆ.

ವ್ಯತ್ಯಾಸವೊಂದು ಮಾತ್ರ ಗಮನಕ್ಕೆ ಬಂತು. ಕಾರ್ಡು ತೋರಿಸಿದರೆ ಕೊಕ್ಕೆ ಬಿಡುತ್ತಿತ್ತು, ನೀನು ಯಾರ ಮಗ ಎಂದು ಕೇಳುತ್ತಿರಲಿಲ್ಲ. ಚಿಕ್ಕವನಿದ್ದಾಗ ಆ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದ್ದ ನನಗೆ ಇದು ಹಿತವಾಗಿಯೇ ಇತ್ತು. ಸೈಕಲ್ ತೆಗೆದುಕೊಂಡು ಎಲ್ಲಿಗೆ ಹೋದೆ ಎಂಬುದು ನಾನು ಮನೆ ತಲುಪುವ ಮೊದಲೇ ಅಪ್ಪನಿಗೆ ತಿಳಿದಿರುತ್ತಿದ್ದ ಕಾಲವನ್ನು ನಂಬಿಕೆಯ ಕಾಲವೆಂದು ಕರೆಯಲು ನನಗೂ ಮನಸ್ಸು ಬರುವುದಿಲ್ಲ.

ಸೈಕಲ್ ಷಾಪಿನ ಮಗ

ಎಲ್ಲರ ಮಾತನ್ನೂ ಓದಿದೆ. ನನ್ನ ತಂದೆ ಹಾಸನ ಜಿಲ್ಲೆಯ ಸಣ್ಣ ಪೇಟೆಯೊಂದರಲ್ಲಿ ಇಪ್ಪತ್ತೇಳು ವರ್ಷ ಸೈಕಲ್ ಷಾಪು ನಡೆಸಿದರು, ಆದ್ದರಿಂದ ಹಲಗೆಯ ಆಚೆಯ ಬದಿಯಿಂದ ನಾಲ್ಕು ಮಾತು ಹೇಳುತ್ತೇನೆ.

ನಮ್ಮಲ್ಲಿ ಹದಿನಾಲ್ಕು ಸೈಕಲ್ಲುಗಳಿದ್ದವು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿಯ ಬಣ್ಣದಲ್ಲಿ ನಂಬರು ಬರೆದಿರುತ್ತಿತ್ತು. ಡಬಲ್ ಹೊಡೆಯಬಾರದೆಂದು ಎಲ್ಲದರ ಕ್ಯಾರಿಯರ್ ಕಳಚಿಟ್ಟಿದ್ದರು. ಹಾಗಿದ್ದರೂ ಹುಡುಗರು ಬಾರಿನ ಮೇಲೆ ಒಬ್ಬನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಪಂಚರಾದರೆ ಖರ್ಚು ಬಾಡಿಗೆಗೆ ಪಡೆದವನದು, ವಾಲ್‌ಟ್ಯೂಬ್ ಹೋದರೆ ನಮ್ಮದು. ಸಣ್ಣ ರಬ್ಬರಿನ ಕೊಳವೆ ಅದು, ಬಿಸಿಲಿಗೆ ಅಂಟಂಟಾಗಿ ಹರಿದುಹೋಗುತ್ತಿತ್ತು. ಈ ಎರಡರ ನಡುವಿನ ಜಗಳ ದಿನಕ್ಕೆರಡಾದರೂ ನಡೆಯುತ್ತಿತ್ತು. ತಂದೆ ಮಾತಾಡದೆ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬಾಣಲೆಯ ನೀರಿನಲ್ಲಿ ಅದ್ದುತ್ತಿದ್ದರು. ಗುಳ್ಳೆ ಎದ್ದ ಜಾಗಕ್ಕೆ ಬೆರಳಿಟ್ಟು ಹುಡುಗನ ಮುಖ ನೋಡಿದರೆ ಅಲ್ಲಿಗೆ ಜಗಳ ಮುಗಿಯಿತು.

ಅವರ ಲೆಕ್ಕದ ಪುಸ್ತಕಗಳಲ್ಲಿ ಒಂದು ಈಗಲೂ ನನ್ನ ಬಳಿ ಇದೆ. 1984ರದು. ಅದರ ಒಂದು ಸಾಲು ಹೀಗಿದೆ: ‘ನಂ. 7, ಪೋಸ್ಟ್‌ಮ್ಯಾನ್ ಎರಡನೇ ಮಗ, 4.10ರಿಂದ 5.25, ಬಾಕಿ 10 ಪೈ.’ ಪುಸ್ತಕದ ತುಂಬ ಹೀಗೆಯೇ. ಹುಡುಗರ ಹೆಸರು ಎಲ್ಲಿಯೂ ಇಲ್ಲ. ಸೊಸೈಟಿ ಗುಮಾಸ್ತರ ಮಗ, ಮೇಲಿನಕೇರಿ ಟೈಲರ್ ಮೊಮ್ಮಗ, ಹೋಟೆಲ್ ಭಟ್ಟರ ಮನೆಗೆ ರಜಕ್ಕೆ ಬಂದವನು. ಒಂಟಿಕೊಪ್ಪಲಿನವರು ಹೇಳುವುದು ಸರಿ, ತಂದೆ ನಂಬಿದ್ದು ಹುಡುಗನ ಹಿಂದಿದ್ದ ಮನೆಯನ್ನು. ಆದರೆ ದಾವಣಗೆರೆಯವರ ಮಾತಿನಲ್ಲಿಯೂ ಸ್ವಲ್ಪ ಹುರುಳಿದೆ. ಬಾಕಿ ಹತ್ತು ಪೈಸೆಯನ್ನು ತಂದೆ ಎಂದೂ ಆ ಪೋಸ್ಟ್‌ಮ್ಯಾನ್ ಬಳಿ ಕೇಳಲಿಲ್ಲ, ಹುಡುಗನನ್ನೇ ಕೇಳುತ್ತಿದ್ದರು. ದೊಡ್ಡವರ ಕಿವಿಗೆ ಹಾಕಿದರೆ ಆ ಹುಡುಗ ಮತ್ತೆ ಅಂಗಡಿಗೆ ಬರುವುದಿಲ್ಲ ಎಂಬ ವ್ಯಾಪಾರದ ಬುದ್ಧಿ ಅದರಲ್ಲಿತ್ತೋ, ಮರ್ಯಾದೆಯಿತ್ತೋ, ಎರಡೂ ಇದ್ದವೋ, ಅವರನ್ನು ಕೇಳಲು ಈಗ ಅವರಿಲ್ಲ. ಅಷ್ಟು ವರ್ಷಗಳಲ್ಲಿ ನಾವು ಕಳೆದುಕೊಂಡದ್ದು ಎರಡು ಸೈಕಲ್. ಎರಡನ್ನೂ ಕೊಂಡೊಯ್ದವರು ಮೀಸೆ ಹೊತ್ತ ಗಂಡಸರು.

ಅಂಗಡಿಗಳು ಮುಚ್ಚಿದ್ದು ನಂಬಿಕೆ ಹೋದದ್ದರಿಂದಲ್ಲ. ಮಕ್ಕಳ ಬಾಡಿಗೆ ರಜದ ದಿನಗಳ ಚಿಲ್ಲರೆ ವ್ಯಾಪಾರ. ಅಂಗಡಿ ನಡೆಯುತ್ತಿದ್ದುದು ದಿನದ ಬಾಡಿಗೆಯಿಂದ: ಸಂತೆಗೆ ಬಂದವರು, ವಸೂಲಿಗೆ ಹೋಗುವವರು, ಬಸ್ಸಿಲ್ಲದ ಹಳ್ಳಿಗೆ ಮದುವೆಯ ಕರೆ ಕೊಡಲು ಹೊರಟವರು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಬಂತು. ನಮ್ಮ ಪೇಟೆಗೆ ಅದರ ಬಿಸಿ ತಟ್ಟಲು ಕೆಲವು ವರ್ಷ ಹಿಡಿಯಿತು, ತಟ್ಟಿದ ಮೇಲೆ ಮೊದಲು ಹೋದವರು ಈ ಗಿರಾಕಿಗಳೇ. ಆಮೇಲೆ ಹಳ್ಳಿಹಳ್ಳಿಗೂ ಟೆಂಪೋ ಬಂತು. ತೊಂಬತ್ತರ ದಶಕದಲ್ಲಿ ಮನೆಗೊಂದು ಚಿಕ್ಕ ಸೈಕಲ್ಲು ಬಂದಾಗ ರಜದ ಚಿಲ್ಲರೆಯೂ ನಿಂತಿತು. ತಂದೆ 1998ರಲ್ಲಿ ಬಾಡಿಗೆ ನಿಲ್ಲಿಸಿ, ಬರಿಯ ರಿಪೇರಿ ಇಟ್ಟುಕೊಂಡರು.

ಇನ್ನು ಮೊದಲನೆಯ ಪ್ರಶ್ನೆ. ಸೈಕಲ್ಲು ಎಡಕ್ಕೆ ವಾಲಿದರೆ ಹ್ಯಾಂಡಲ್ಲನ್ನೂ ಎಡಕ್ಕೇ ತಿರುಗಿಸಬೇಕು, ಆಗ ಚಕ್ರಗಳು ವಾಲಿದ ಮೈಯ ಅಡಿಗೆ ಬಂದು ಅದು ನೆಟ್ಟಗಾಗುತ್ತದೆ. ಕಲಿಯಬೇಕಾದದ್ದು ಇಷ್ಟೇ. ಪಕ್ಕದ ಚಕ್ರಗಳು ಸೈಕಲ್ಲನ್ನು ವಾಲಲು ಬಿಡುವುದಿಲ್ಲವಾದ್ದರಿಂದ ಮಗು ತುಳಿಯುವುದನ್ನು ಕಲಿಯುತ್ತದೆಯೇ ಹೊರತು ಇದನ್ನು ಕಲಿಯುವುದಿಲ್ಲ. ಅವನ್ನು ಬಿಚ್ಚಿದ ದಿನ ಮೊದಲಿನಿಂದ ಆರಂಭಿಸಬೇಕು. ನಿಮ್ಮ ಒಳಪೆಡಲನ್ನೂ ನಾನು ಹೊಗಳುವುದಿಲ್ಲ, ಅಳತೆಯ ಸೈಕಲ್ ಇಲ್ಲದವರ ಪಾಡು ಅದು. ಅಳತೆಯ ಸೈಕಲ್ ತನ್ನಿ, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟನ್ನು ಇಳಿಸಿ, ಎರಡೂ ಪೆಡಲ್ ಬಿಚ್ಚಿಡಿ. ಸ್ವಲ್ಪ ಇಳಿಜಾರಿನ ಜಾಗದಲ್ಲಿ ಕಾಲಿನಿಂದ ತಳ್ಳಿಕೊಂಡು ಹೋಗಲಿ. ಕಾಲೆತ್ತಿ ತೇಲುವುದು ಬಂದ ಮೇಲೆ ಪೆಡಲ್ ಹಾಕಿದರಾಯಿತು.

ಪೆಡಲ್ ಬಿಚ್ಚುವಾಗ ಒಂದು ಎಚ್ಚರ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ. ಎಲ್ಲ ನಟ್ಟಿನಂತೆ ಎಡಕ್ಕೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ತುಳಿಯುವಾಗ ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿರುತ್ತಾರೆ. ನಿಮ್ಮ 1976ರ ಕಥೆಯನ್ನು ಓದಿದಾಗ ನನಗೆ ನಗು ಬಂದದ್ದು ಇದಕ್ಕೇ. ಪೆಡಲ್ ಕೂರುವ ತೋಳಾದ ಕ್ರ್ಯಾಂಕಿನ ಮರೆ ಹೋಗಿದ್ದರೆ ಕ್ರ್ಯಾಂಕನ್ನೇ ಬದಲಿಸಬೇಕಾಗಿರುತ್ತದೆ, ಆ ಯಜಮಾನರಿಗೆ ನಾಲ್ಕಾಣೆಯಲ್ಲಿ ಮುಗಿದಿರುವುದಿಲ್ಲ. ಅವರಿಗೆ ಗೊತ್ತಾಗದೆಯೂ ಇರುವುದಿಲ್ಲ.

ತೀರ್ಥಹಳ್ಳಿಯವಳು

ಷಾಪಿನವರೇ, ನಿಮ್ಮ 1984ರ ಪುಸ್ತಕದಲ್ಲಿ ಒಬ್ಬಳಾದರೂ ಹುಡುಗಿ ಇದ್ದಾಳೆಯೇ, ನೋಡಿ ಹೇಳುತ್ತೀರಾ?

ಸೈಕಲ್ ಷಾಪಿನ ಮಗ

ಅಕ್ಕ, ರಾತ್ರಿ ಕುಳಿತು ಪೂರ್ತಿ ತಿರುವಿ ಹಾಕಿದೆ. ಹುಡುಗಿ ಎಂದು ಗುರುತಿಸಬಹುದಾದ ಒಂದು ಸಾಲೂ ಇಲ್ಲ. ನಂ. 14 ಲೇಡೀಸ್ ಸೈಕಲ್ಲಾಗಿತ್ತು. ಅದರ ಎದುರು ವಾರಕ್ಕೆರಡು ಬಾರಿ ‘ಆಸ್ಪತ್ರೆ ನರ್ಸಮ್ಮ, ಇಡೀ ದಿನ’ ಎಂದಿದೆ. ಉಳಿದ ದಿನ ಅದನ್ನು ತೆಗೆದುಕೊಂಡು ಹೋದವರು ಕುಳ್ಳಗಿನ ಹುಡುಗರು.

ದಾವಣಗೆರೆಯವನು

ಎಲ್ಲರಿಗೂ ವಂದನೆ. ನಂಬಿಕೆಯ ವಿಷಯದಲ್ಲಿ ನನ್ನ ಮಾತು ಅರ್ಧ ಸತ್ಯವೆಂದು ಒಪ್ಪುತ್ತೇನೆ. ನನಗೆ ಒಬ್ಬ ತಂಗಿಯೂ ಇದ್ದಳು, ನಮ್ಮ ನಾಲ್ವರ ಸರದಿಯಲ್ಲಿ ಅವಳಿರಲಿಲ್ಲ, ಈ ಐವತ್ತು ವರ್ಷಗಳಲ್ಲಿ ಅದು ನನ್ನ ಮನಸ್ಸಿಗೆ ಬಂದೂ ಇರಲಿಲ್ಲ.

ನಿನ್ನೆ ಹದಿನಾರು ಇಂಚಿನ ಸೈಕಲ್ ತಂದೆವು. ಮಗಳ ಸಮಾಧಾನಕ್ಕೆ ಪಕ್ಕದ ಚಕ್ರಗಳನ್ನೂ ಕೊಂಡಿದ್ದೇವೆ. ಅವು ಸದ್ಯಕ್ಕೆ ಡಬ್ಬದಲ್ಲಿವೆ. ಬಲಗಡೆಯ ಪೆಡಲ್ ಸುಲಭವಾಗಿ ಬಂತು. ಎಡಗಡೆಯದಕ್ಕೆ ಪಾನಾ ಹಾಕಿದಾಗ ನನ್ನ ಕೈ ತಾನಾಗಿಯೇ ಎಡಕ್ಕೆ ಹೋಯಿತು. ಮೊಮ್ಮಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಿಮ್ಮ ಉತ್ತರವನ್ನು ಫೋನಿನಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದವನು, ‘ತಾತ, ಬಲಕ್ಕೆ’ ಎಂದ. ಬಲಕ್ಕೆ ತಿರುಗಿಸಿದೆ, ಬಿಚ್ಚಿಕೊಂಡಿತು.