ಗ್ಯಾಸ್ ಲೆಕ್ಕದಲ್ಲಿ ಆರ್ (ಗ್ಯಾಸ್ ಸ್ಥಿರಾಂಕ) ಬೆಲೆ ಯಾವುದು? ಸಹಾಯ ಬೇಕು

ತಮ್ಮನಿಗೆ ಫಸ್ಟ್ ಪಿಯುಸಿ ಕೆಮಿಸ್ಟ್ರಿ ಹೇಳಿಕೊಡಲು ಹೋಗಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಲೆಕ್ಕ ಇಷ್ಟೇ: 8 ಗ್ರಾಂ ಆಕ್ಸಿಜನ್, 27 ಡಿಗ್ರಿ ಸೆಲ್ಸಿಯಸ್, 2 ಬಾರ್ ಒತ್ತಡ. PV = nRT ಸೂತ್ರದಿಂದ ಗಾತ್ರ ಎಷ್ಟು?

ಅವನು 27 ಅನ್ನೇ ಹಾಕಿ 0.28 ಲೀಟರ್ ತಂದ. ಕೆಲ್ವಿನ್ ಮಾಡೋ ಅಂತ ಬೈದೆ. ನಾನು 300 ಹಾಕಿ, 8ನ್ನು ಆಕ್ಸಿಜನ್‌ನ ಮೋಲಾರ್ ದ್ರವ್ಯರಾಶಿ 32ರಿಂದ ಭಾಗಿಸಿ 0.25 ಮೋಲ್ ತೆಗೆದುಕೊಂಡು, ಆರ್ ಜಾಗಕ್ಕೆ ಹಳೇ ನೆನಪಿನ 0.0821 ಹಾಕಿದೆ. 3.08 ಬಂತು. ಪುಸ್ತಕದ ಉತ್ತರ 3.12! 0.0831 ಹಾಕಿದರೆ ಸರಿಹೋಗುತ್ತದೆ. ಯಾಕೆ ಅಂತ ಅವನು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಎಸ್‌ಟಿಪಿಯಲ್ಲಿ (ಸ್ಟ್ಯಾಂಡರ್ಡ್ ತಾಪಮಾನ ಮತ್ತು ಒತ್ತಡದಲ್ಲಿ) 1 ಮೋಲ್ ಗ್ಯಾಸ್ 22.7 ಲೀಟರ್ ಅಂತಲೂ ಇದೆ. ನಾವು ಬಾಯಿಪಾಠ ಮಾಡಿದ್ದು 22.4 ಅಲ್ವಾ?

ಬಾರ್‌ಗೂ ಅಟ್ಮಾಸ್ಫಿಯರ್‌ಗೂ ಇರುವ ವ್ಯತ್ಯಾಸವೇ ಇದಕ್ಕೆಲ್ಲ ಕಾರಣವಾ? ಪರೀಕ್ಷೆಯಲ್ಲಿ ಯಾವಾಗ ಯಾವ ಬೆಲೆ ಹಾಕಬೇಕು?