ಫೈಕಸ್ ಎಲೆ ಮಡಚುವ ಥ್ರಿಪ್ಸ್: ಯಾವ ಪ್ರಭೇದ?

ಪ್ರಶ್ನೆ: ನಮ್ಮ ಬೀದಿಯ ಫೈಕಸ್ ಬೆಂಜಮಿನಾ ಗಿಡಗಳ ಎಳೆ ಎಲೆಗಳು ನಡುನರದ ಗುಂಟ ಮಡಚಿಕೊಂಡು, ಮೈಮೇಲೆ ಕೆಂಗಂದು ಚುಕ್ಕೆಗಳನ್ನು ತೋರುತ್ತಿವೆ. ಒಂದನ್ನು ಬಿಡಿಸಿ ನೋಡಿದಾಗ ಕಪ್ಪು ಕೀಟಗಳು, ತಿಳಿಹಳದಿ ಮರಿಗಳು ಮತ್ತು ಬಿಳಿಯ ಮೊಟ್ಟೆಗಳು ಒಟ್ಟಿಗೇ ಕಂಡವು. ಇದು ಗೈನೈಕೋಥ್ರಿಪ್ಸ್ ಫೈಕೋರಮ್ ಎಂಬ ಥ್ರಿಪ್ಸ್ (ಗಿಡದ ರಸ ಹೀರುವ ಪುಟ್ಟ ಕೀಟ) ಇರಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬೆಂಜಮಿನಾದ ಎಲೆ ಮಡಚುವುದು ಸಾಮಾನ್ಯವಾಗಿ ಅದೇ ಕುಲದ ಯುಜೆಲಿ, ಫೈಕೋರಮ್‌ನ ಆಶ್ರಯ ಫೈಕಸ್ ಮೈಕ್ರೊಕಾರ್ಪಾ. ಆದರೆ ಮರವೊಂದನ್ನೇ ನೋಡಿ ಹೆಸರಿಡುವುದು ಸರಿಯಲ್ಲ. ಸೂಕ್ಷ್ಮದರ್ಶಕದಲ್ಲಿ ಎದೆಯ ಮೊದಲ ಖಂಡದ ಹಿಂಬದಿ ಮೂಲೆಗಳಲ್ಲಿರುವ ಬಿರುಗೂದಲನ್ನು ಗಮನಿಸಿ: ಯುಜೆಲಿಯಲ್ಲಿ ಅದು ಉದ್ದ, ಫೈಕೋರಮ್‌ನಲ್ಲಿ ಗಿಡ್ಡ. ಯುಜೆಲಿಯನ್ನು ಜಿಮ್ಮರ್‌ಮನ್ 1900ರಲ್ಲಿ, ಫೈಕೋರಮ್ ಅನ್ನು ಮಾರ್ಷಲ್ 1908ರಲ್ಲಿ ವರ್ಣಿಸಿದರು. ಎರಡೂ ಟ್ಯೂಬುಲಿಫೆರಾ ಉಪಗಣದ ಫ್ಲಿಯೋಥ್ರಿಪಿಡೇ ಕುಟುಂಬಕ್ಕೆ ಸೇರಿದವು. ಹೊಟ್ಟೆಯ ಕೊನೆಯ ಖಂಡ ಕೊಳವೆಯಂತಿರುತ್ತದೆ. ಈರುಳ್ಳಿಯ ಥ್ರಿಪ್ಸ್ ಗರಗಸದಂಥ ಅಂಗದಿಂದ ಎಲೆಯನ್ನು ಸೀಳಿ ಮೊಟ್ಟೆಯನ್ನು ಒಳಗೆ ಸೇರಿಸಿದರೆ, ಆ ಅಂಗವಿಲ್ಲದ ಇವು ಮಡಿಕೆಯೊಳಗೆ ಎಲೆಯ ಮೇಲೆಯೇ ಇಡುತ್ತವೆ. ನಿಮಗೆ ಮೊಟ್ಟೆಗಳು ಬರಿಗಣ್ಣಿಗೇ ಕಂಡದ್ದು ಅದಕ್ಕೇ.

ಉತ್ತರ 2: ಬೆಳವಣಿಗೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇವುಗಳಲ್ಲಿ ಎರಡು ಮರಿ ಹಂತಗಳ ನಂತರ, ಆಹಾರ ಸೇವಿಸದ ಮೂರು ಕೋಶ (ಪ್ಯೂಪಾ) ಹಂತಗಳು ಬರುತ್ತವೆ. ಈರುಳ್ಳಿಯ ಥ್ರಿಪ್ಸ್ ಸೇರಿದ ಟೆರೆಬ್ರಾನ್ಷಿಯಾ ಉಪಗಣದಲ್ಲಿ ಅವು ಎರಡೇ. ಫಲಿತವಾಗದ ಮೊಟ್ಟೆಗಳಿಂದ ಗಂಡುಗಳು ಹುಟ್ಟುತ್ತವೆ.

ಉತ್ತರ 3: ಮಡಿಕೆಯೊಳಗಿನ ಎಲ್ಲವನ್ನೂ ಪೀಡೆಯೆಂದು ಭಾವಿಸಬೇಡಿ. ಅಲ್ಲಿ ಮಾಂಟಂಡೋನಿಯೋಲ ಎಂಬ ಪರಭಕ್ಷಕ ತಿಗಣೆಯೂ, ಆಂಡ್ರೋಥ್ರಿಪ್ಸ್ ರಾಮಚಂದ್ರೈ ಎಂಬ ಪರಭಕ್ಷಕ ಥ್ರಿಪ್ಸ್ ಕೂಡ ಇರಬಹುದು. ಔಷಧ ಸಿಂಪಡಿಸಿದರೆ ಅವುಗಳಿಗೂ ಹಾನಿ. ಮಡಚಿದ ಚಿಗುರುಗಳನ್ನು ಕತ್ತರಿಸಿ ತೆಗೆಯುವುದೇ ಮೇಲು.